ಹಿಂಡಿ ಚೀಲ ಹೇರಿಕೊಂಡು ಏರಿ ಹತ್ತುವ ಎಲೆಕ್ಟ್ರಿಕ್ ಬೈಕ್: ನನ್ನ ಅನುಭವ

ಯಳ್ಳೂರು ಗಡದ ಕಡೆಯ ನಮ್ಮೂರಿನಿಂದ ಬೆಳಗಾವಿಗೆ ಹಾಲು ಇಳಿಸಿ, ಬರುವಾಗ ದನಗಳ ಹಿಂಡಿ ಹೇರಿಕೊಂಡು ಏರಿ ಹತ್ತುವ ಕೆಲಸವನ್ನು ಕಳೆದೆರಡು ಮಳೆಗಾಲಗಳಿಂದ ನನ್ನ ಎಲೆಕ್ಟ್ರಿಕ್ ಬೈಕೇ ಮಾಡುತ್ತಿದೆ. "ಇದು ಪ್ಯಾಟ್ಯಾಗ ಅಡ್ಡಾಡೂ ಗಾಡಿ, ಚೀಲ ಹೇರಿದರ ನಡುದಾರ್ಯಾಗ ಕೂಡತದ" ಎಂದಿದ್ದ ಹಾಲಿನವರೇ ಈಗ ಗಾಡಿ ಕೊಳ್ಳುವ ಮುನ್ನ ನನ್ನನ್ನು ಕೇಳುತ್ತಾರೆ.

ಅವರ ಅನುಮಾನಕ್ಕೆ ಕಾರಣವಿತ್ತು. ಮೊದಲು ಸುಮಾರು ನಲವತ್ತೈದು ಸಾವಿರಕ್ಕೆ ಕೊಂಡಿದ್ದ, ಹಿಂದಿನ ಚಕ್ರದೊಳಗೇ ಮೋಟರ್ ಇರುವ ಹಳೆಯ ಎಲೆಕ್ಟ್ರಿಕ್ ಸ್ಕೂಟರ್, ಖಾಲಿ ಇದ್ದಾಗ ಸಲೀಸಾಗಿ ಓಡಿದರೂ, ಎರಡು ಚೀಲ ಹೇರಿದೊಡನೆ ಏರಿಯ ಅರ್ಧದಲ್ಲೇ ಬಿಸಿಯಾಗಿ ತಾನಾಗಿಯೇ ಬಂದಾಗುತ್ತಿತ್ತು. ಮೋಟರಿಗೆ ಒದ್ದೆ ಗೋಣಿತಟ್ಟು ಸುತ್ತಿ ನೋಡಿದೆ. ಹೊರಗಿನ ಕವಚ ತಣ್ಣಗಾಯಿತೇ ಹೊರತು ಒಳಗಿನ ತಂತಿ ಸುರುಳಿಯ ಕಾವು ಇಳಿಯಲಿಲ್ಲ, ಏಕೆಂದರೆ ಇಂಥ ಮೋಟರಿನಲ್ಲಿ ಸುರುಳಿ ಚಕ್ರದ ಅಚ್ಚಿಗೆ (ಆಕ್ಸೆಲ್) ಅಂಟಿಕೊಂಡು ನಡುವೆ ಇರುತ್ತದೆ. ಕಡೆಗೆ ಆ ಸ್ಕೂಟರನ್ನು ಹದಿನೆಂಟು ಸಾವಿರದ ಆಸುಪಾಸಿಗೆ ಕೊಟ್ಟುಬಿಟ್ಟೆ.

ಆಮೇಲೆ ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಎಂಬ ಅಂಕಿಯನ್ನು ಬದಿಗಿಟ್ಟು, ಭಾರದಿಂದಲೇ ಲೆಕ್ಕ ಹಿಡಿದೆ. ಗಾಡಿ, ನಾನು, ಖಾಲಿ ಕ್ಯಾನುಗಳು ಮತ್ತು 50 ಕೆ.ಜಿ.ಯ ಎರಡು ಚೀಲ ಸೇರಿ ಹೆಚ್ಚುಕಡಿಮೆ 300 ಕೆ.ಜಿ. ಆಗುತ್ತದೆ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಇಷ್ಟು ಭಾರವನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ಒಯ್ಯಲು ಚಕ್ರಕ್ಕೆ ಸುಮಾರು 1500 ವ್ಯಾಟ್ ಬೇಕು. ಲೈಸೆನ್ಸ್ ಬೇಡವೆಂದು ಮಾರುವ 250 ವ್ಯಾಟಿನ ಗಾಡಿ ಅಲ್ಲಿ ನಡೆಯುವವರಿಗಿಂತ ನಿಧಾನವಾಗುತ್ತದೆ. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಇರುವುದು ಕೆಲವು ಕ್ಷಣಗಳ ಗರಿಷ್ಠ ಶಕ್ತಿ. ನನಗೆ ಬೇಕಾಗಿದ್ದದ್ದು ಏರಿ ಮುಗಿಯುವವರೆಗೂ ನಿಲ್ಲುವ ಶಕ್ತಿ.

ಆದ್ದರಿಂದ ಮೋಟರ್ ಗಾಡಿಯ ನಡುವೆ ಇದ್ದು ಚೈನಿನ ಮೂಲಕ ಚಕ್ರ ತಿರುಗಿಸುವ, ನಿರಂತರ ಶಕ್ತಿ ಸುಮಾರು 3 ಕಿಲೋವ್ಯಾಟ್ ಇರುವ, ಸವಾರನೂ ಸೇರಿ 200 ಕೆ.ಜಿ. ಹೊರಲು ಅನುಮತಿಯುಳ್ಳ ಗಾಡಿಯನ್ನೇ ಆರಿಸಿದೆ. ಎಲ್ಲ ಸೇರಿ ಒಂದೂಕಾಲು ಲಕ್ಷ ಬಿತ್ತು. ಕೊಳ್ಳುವ ಮುನ್ನ ಅಂಗಡಿಯವರನ್ನು ಒಪ್ಪಿಸಿ ಎರಡು ಚೀಲ ಹೇರಿಸಿ, ನಮ್ಮ ಏರಿಯ ನಟ್ಟನಡುವೆ ಗಾಡಿಯನ್ನು ಪೂರ್ತಿ ನಿಲ್ಲಿಸಿ ಅಲ್ಲಿಂದಲೇ ಮತ್ತೆ ಹೊರಡಿಸಿದೆ. ಇದನ್ನು ಮಾಡಲು ಬಿಡದ ಅಂಗಡಿಯಲ್ಲಿ ಗಾಡಿ ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಹಿಂದಿನ ಸ್ಪ್ರಾಕೆಟ್ಟನ್ನು (ಚೈನ್ ಕೂರುವ ಹಲ್ಲಿನ ಚಕ್ರ) ಕೆಲವು ಹಲ್ಲು ದೊಡ್ಡದು ಮಾಡಿಸಿದೆ. ಗರಿಷ್ಠ ವೇಗ ಎಪ್ಪತ್ತೈದರಿಂದ ಅರವತ್ತರ ಹತ್ತಿರಕ್ಕೆ ಇಳಿಯಿತು, ಆದರೆ ಏರಿಯ ತುದಿಯಲ್ಲಿ ಮೋಟರಿನ ಮೇಲೆ ಕೈ ಇಡುವಷ್ಟು ತಂಪು ಉಳಿಯಿತು. ಹಿಂದಿನ ಅಚ್ಚಿನ ಆಚೆ ಭಾರ ಬಿದ್ದರೆ ಏರಿಯಲ್ಲಿ ಮುಂದಿನ ಚಕ್ರ ಹಗುರಾಗುವುದರಿಂದ ಕ್ಯಾನಿನ ಸ್ಟ್ಯಾಂಡನ್ನೂ ಅಲ್ಲೇ ಬೇರೆ ಮಾಡಿಸಿದ್ದೇನೆ. ಅದರ ಅಳತೆ ಮತ್ತು ಮೋಟರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಕಂಟ್ರೋಲರಿನ ಒಂದು ಸೆಟ್ಟಿಂಗ್ ಸದ್ಯಕ್ಕೆ ನನ್ನಲ್ಲೇ ಇರಲಿ.

ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟಿನದು. ತೂಕ ಹೆಚ್ಚಾದರೂ ಕಾವು ತಡೆಯುತ್ತದೆ, ಬಾಳಿಕೆಯೂ ಹೆಚ್ಚು. 100 ಮೀಟರ್ ಎತ್ತರ ಹತ್ತಲು ನಮ್ಮ ಭಾರಕ್ಕೆ ನಷ್ಟವೂ ಸೇರಿ ನೂರು ವ್ಯಾಟ್-ಅವರ್ (ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗ) ಹಿಡಿದರೆ ಸಾಕು. ದಿನಕ್ಕೆ ಐವತ್ತು ಕಿಲೋಮೀಟರಿಗೆ ಎರಡೂವರೆ ಯೂನಿಟ್ ಆಗುತ್ತದೆ. ಪೆಟ್ರೋಲ್ ಗಾಡಿ ಇದ್ದಾಗ ತಿಂಗಳಿಗೆ ಮೂರೂವರೆ ಸಾವಿರದಷ್ಟಿದ್ದ ಖರ್ಚು ಐನೂರರ ಕರೆಂಟ್ ಬಿಲ್ಲಿಗೆ ಇಳಿದಿದೆ.

ನಮ್ಮಂತೆ ಮನೆ ಎತ್ತರದಲ್ಲಿರುವವರು ರಾತ್ರಿ ಬ್ಯಾಟರಿಯನ್ನು ಪೂರ್ತಿ ತುಂಬಿಸದೆ ಶೇಕಡಾ ತೊಂಬತ್ತಕ್ಕೆ ನಿಲ್ಲಿಸಬೇಕು. ಇಳಿಜಾರಿನಲ್ಲಿ ಮೋಟರ್ ಕರೆಂಟ್ ಹುಟ್ಟಿಸುತ್ತಾ ಗಾಡಿಯ ಓಟವನ್ನು ಹಿಡಿಯುತ್ತದೆ. ತುಂಬಿದ ಬ್ಯಾಟರಿಗೆ ಆ ಕರೆಂಟನ್ನು ತೆಗೆದುಕೊಳ್ಳಲು ಜಾಗವಿರುವುದಿಲ್ಲ, ಆಗ ಮೋಟರ್ ಗಾಡಿಯನ್ನು ಹಿಡಿಯುವುದಿಲ್ಲ, ಹಾಲು ತುಂಬಿದ ಕ್ಯಾನುಗಳ ಭಾರವೆಲ್ಲ ಬ್ರೇಕ್ ಲೈನರ್ ಮೇಲೇ ಬೀಳುತ್ತದೆ.