ಜೀಪಿನ ಹೊಟ್ಟೆಗೊಂದು ತಗಡು

ಮಧುಗಿರಿ ಕಡೆ ನಮ್ಮ ತೋಟದ ದಾರಿ ಬರೀ ಬಂಡೆ. ಹಳ್ಳ ದಾಟುವಾಗ ಒಂದು ಕಲ್ಲು ಜೀಪಿನ ಎಂಜಿನ್ ಅಡಿಯ ಆಯಿಲ್ ಚೇಂಬರಿಗೆ ತಾಗಿ, ನೋಡನೋಡುತ್ತಲೇ ಆಯಿಲ್ ಎಲ್ಲಾ ಮರಳಿಗೆ ಇಳಿಯಿತು. ಅವತ್ತೇ ಸ್ಕಿಡ್ ಪ್ಲೇಟ್, ಅಂದರೆ ಕಲ್ಲು ತಾಗದ ಹಾಗೆ ಜೀಪಿನ ಅಡಿಗೆ ಹಾಕುವ ಕಾವಲು ತಗಡು, ಮಾಡಲೇಬೇಕು ಅಂದುಕೊಂಡೆ.

ತುಮಕೂರಿನ ಗುಜರಿಯಲ್ಲಿ 4 ಮಿ.ಮೀ. ಕಬ್ಬಿಣದ ತಗಡು ಸಿಕ್ಕಿತು. ಮೊದಲು ರಟ್ಟಿನಲ್ಲಿ ಅಳತೆ ತೆಗೆದು, ಆಮೇಲೆ 600ಕ್ಕೆ 500 ಮಿ.ಮೀ. ಕತ್ತರಿಸಿದೆ. ಸುಮಾರು ಒಂಬತ್ತೂವರೆ ಕೆಜಿ ತೂಗಿತು. ಮುಂದಿನ ಅಂಚನ್ನು ಮೇಲಕ್ಕೆ ಬಗ್ಗಿಸಿದ್ದರಿಂದ ಕಲ್ಲಿಗೆ ಸಿಕ್ಕಿಕೊಳ್ಳದೆ ಜಾರುತ್ತದೆ. ಹಿಂದಿನ ಅಂಚನ್ನೂ ಸ್ವಲ್ಪ ಎತ್ತಿಸಿ, ರಿವರ್ಸ್ ಬರಬೇಕಲ್ವಾ! ಚೇಂಬರಿಗೂ ತಗಡಿಗೂ ಒಂದು ಇಂಚು ಜಾಗ ಬಿಟ್ಟೆ. ಆಯಿಲ್ ಬಿಡುವ ನಟ್ಟಿನ ನೇರಕ್ಕೆ 50 ಮಿ.ಮೀ. ತೂತು.

ತಗಡನ್ನು ಛಾಸಿಗೆ (ಜೀಪಿನ ಅಡಿಯ ಕಬ್ಬಿಣದ ಚೌಕಟ್ಟಿಗೆ) ವೆಲ್ಡ್ ಮಾಡಿಸಲಿಲ್ಲ. ಮೊದಲೇ ಇದ್ದ ತೂತುಗಳಿಗೆ 10 ಮಿ.ಮೀ. ಬೋಲ್ಟ್ ಹಾಕಿದೆ. ನಾನು ಎಡವಿದ್ದು ಇಲ್ಲೇ. ಎರಡೇ ವಾರದಲ್ಲಿ ಬೋಲ್ಟಿನ ತಲೆಗಳು ಕಲ್ಲಿಗೆ ಉಜ್ಜಿ ಸವೆದು, ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಅಂಚುಗಳೆಲ್ಲ ಹೋಗಿ ಸ್ಪ್ಯಾನರ್ ಹಿಡಿಯುತ್ತಲೇ ಇರಲಿಲ್ಲ. ಕೊನೆಗೆ ಗ್ರೈಂಡರ್‌ನಲ್ಲಿ ಕತ್ತರಿಸಿ ತೆಗೆಯಬೇಕಾಯಿತು. ಈಗ ಪ್ರತಿ ತೂತಿನ ಸುತ್ತ 10 ಮಿ.ಮೀ. ದಪ್ಪದ ಕಬ್ಬಿಣದ ಬಳೆ ವೆಲ್ಡ್ ಮಾಡಿಸಿದ್ದೇನೆ. ತಲೆ ಒಳಗೇ ಕೂರುತ್ತದೆ, ಉಜ್ಜಿಕೊಳ್ಳುವುದು ಬಳೆ ಮಾತ್ರ.

ರೆಡ್ ಆಕ್ಸೈಡ್ ಎರಡು ಕೋಟ್ ಬಳಿಯಿರಿ. ತಗಡಿನ ಮೇಲೆ ಕೂರುವ ಕೆಸರನ್ನು ಆಗಾಗ ತೊಳೆಯಿರಿ, ಇಲ್ಲದಿದ್ದರೆ ತುಕ್ಕು ಬೇಗ ಹಿಡಿಯುತ್ತದೆ. ಮೊನ್ನೆ ಅದೇ ಹಳ್ಳದಲ್ಲಿ ದಡ್ ಅಂತ ಸದ್ದಾಯಿತು. ಇಳಿದು ಬಗ್ಗಿ ನೋಡಿದೆ. ತಗಡಿನ ಮೇಲೆ ಒಂದು ಉದ್ದ ಗೀರು, ಅಷ್ಟೇ.