ಕರಾವಳಿಗೆ ಹೊರಟ ದಾವಣಗೆರೆ, ಚಿತ್ರದುರ್ಗದವರಿಗೆ ಒಂದು ಸಲಹೆ

ಮಕ್ಕಳ ರಜೆಗೆ ಕರಾವಳಿ ಎಂದರೆ ನಮ್ಮಲ್ಲಿ ಹೆಚ್ಚಿನವರು ಮುರುಡೇಶ್ವರ, ಗೋಕರ್ಣ ನೋಡಿ ಮರಳುತ್ತಾರೆ. ಈ ಸಲ ಇನ್ನೆರಡು ಜಾಗಗಳನ್ನೂ ಸೇರಿಸಿಕೊಳ್ಳಿ.

ಶಿವಮೊಗ್ಗ, ಸಾಗರದ ದಾರಿಯಲ್ಲಿ ಹೋದರೆ ಜೋಗ ನೋಡಿಕೊಂಡೇ ಹೊನ್ನಾವರಕ್ಕೆ ಇಳಿಯಬಹುದು. ಅಲ್ಲಿ ಶರಾವತಿ ಕಡಲು ಸೇರುವ ಅಳಿವೆಯ ಬಳಿ ಕಾಂಡ್ಲಾ ಕಾಡಿನೊಳಗೆ, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರಗಳ ನಡುವೆ, ಮರದ ಹಲಗೆಯ ಕಾಲುದಾರಿ ಇದೆ. ನೀರು ಇಳಿದ ಹೊತ್ತಿನಲ್ಲಿ ಹೋಗಿ. ಕೆಸರಿಗೆ ಕಾಲೂರಿ ನಿಂತ ಬೇರುಗಳೂ ಅವುಗಳ ಸಂದಿನಲ್ಲಿ ಓಡಾಡುವ ಏಡಿಗಳೂ ಕಾಣುತ್ತವೆ. ಉಬ್ಬರ ಇಳಿತದ ಸಮಯವನ್ನು ಹಿಂದಿನ ದಿನವೇ ಊರಿನ ಮೀನುಗಾರರಲ್ಲಿ ಕೇಳಿಕೊಳ್ಳಿ.

ಎರಡನೆಯದು ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರಿಸ್ ದ್ವೀಪ. ಲಾವಾ ತಣಿದು ಬಿರುಕುಬಿಟ್ಟು ಆದ, ಹಲವು ಮೂಲೆಗಳ ಕಲ್ಲಿನ ಕಂಬಗಳು ಅಲ್ಲಿ ಒತ್ತೊತ್ತಾಗಿ ನಿಂತಿವೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಂಥದೇ ಗೌರವ ಪಡೆದ ದಿಂಬಿನಾಕಾರದ ಲಾವಾ ಶಿಲೆಗಳು ನಮ್ಮ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲೂ ಇವೆ, ಅವು ಇನ್ನೂ ಬಹಳ ಹಳೆಯವು. ಹೊರಡುವ ಮುನ್ನ ಅವನ್ನು ಮಕ್ಕಳಿಗೆ ತೋರಿಸಿ, ಎರಡನ್ನೂ ಹೋಲಿಸಿ ನೋಡಲು ಅವರಿಗೆ ಖುಷಿಯಾಗುತ್ತದೆ.

ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಇರುವುದಿಲ್ಲ. ಬೆಳಗ್ಗೆಯೇ ಹೋಗಿ, ನೀರು ಮತ್ತು ಟೋಪಿ ಒಯ್ಯಿರಿ. ಒದ್ದೆ ಬಂಡೆಗಳ ಮೇಲೆ ನಿಂತು ಫೋಟೋ ತೆಗೆಯುವ ಆಸೆ ದಯವಿಟ್ಟು ಬೇಡ. ನಾವು ಕೆರೆ, ನಾಲೆಗಳಲ್ಲಿ ಈಜು ಕಲಿತವರು. ಅಲೆಯ ಸೆಳೆತ ನಮಗೆ ತಿಳಿಯದು. ಜೀವರಕ್ಷಕರು ಇರುವ ಕಡೆ ಮಾತ್ರ ನೀರಿಗಿಳಿಯಿರಿ.