ಬೋರ್ ಆಗಲು ಕಲಿತ ನನ್ನ ಅನುಭವ

"ಸುಮ್ನೆ ಕೂರೋಕೂ ಟ್ರೈನಿಂಗ್ ಬೇಕಾ?" ಅಂತ ನಕ್ಕವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಫೋನ್ ಚಟ ಬಿಡುವುದಕ್ಕೆ ನೋಟಿಫಿಕೇಶನ್ ಬಂದ್ ಮಾಡುವುದು, ಸ್ಕ್ರೀನ್ ಕಪ್ಪು-ಬಿಳುಪು ಮಾಡುವುದು ನಿಮಗೂ ಗೊತ್ತು. ನಾನು ಕಪ್ಪು-ಬಿಳುಪಲ್ಲೂ ರಾತ್ರಿ ಒಂದರವರೆಗೆ ರೀಲ್ಸ್ ನೋಡಿದೆ. ದುಡ್ಡೂ ಹೋಯಿತು. ಫೋನ್ ಲಾಕ್ ಮಾಡುವ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿ, ಒಂಬತ್ತನೇ ದಿನ ಆ್ಯಪನ್ನೇ ಕಿತ್ತುಹಾಕಿದೆ. ಆಮೇಲೆ ಟೈಮರ್ ಇರುವ ಡಬ್ಬಿ ತಂದೆ. ಒಳಗೆ ಫೋನ್ ರಿಂಗಾಯಿತು, ಆಫೀಸಿಂದ ಇರಬೇಕು ಅಂತ ಸ್ಕ್ರೂಡ್ರೈವರಿನಲ್ಲಿ ಮುಚ್ಚಳ ಮೀಟಿದೆ. ಯಾರೋ ಲೋನ್ ಬೇಕಾ ಅಂತ ಕೇಳಿದರು. ಕೀಪ್ಯಾಡ್ ಫೋನ್ ಕೊಂಡರೆ ಅದರಲ್ಲಿ ಹಾವಿನ ಆಟ! ಎಲ್ಲ ಸೇರಿ ಹೆಚ್ಚುಕಡಿಮೆ ಅರ್ಧ ತಿಂಗಳ ಸಂಬಳ.

ಎಡವಿದ್ದು ಎಲ್ಲಿ ಅಂದರೆ, ಫೋನ್ ಬಿಟ್ಟ ಹೊತ್ತಿಗೆ ಇನ್ನೇನೋ ತುಂಬುತ್ತಿದ್ದೆ. ಪುಸ್ತಕ, ಹಾಡು, ಧ್ಯಾನ. ಉಸಿರು ಎಣಿಸುವುದೂ ಒಂದು ಕೆಲಸವೇ ಅಲ್ವಾ? ಬೋರ್ ಆಗುವುದಕ್ಕೆ ನಾನು ಬಿಟ್ಟೇ ಇರಲಿಲ್ಲ.

ಈಗ ಸಂಜೆ ಫೋನನ್ನು ಪಕ್ಕದ ಕೋಣೆಯ ಬೀರುವಿನ ಮೇಲಿಟ್ಟು, ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿ ಸುಮಾರು 40 ನಿಮಿಷ ಕೂರುತ್ತೇನೆ. ಮೊದಲ ಹತ್ತು ನಿಮಿಷ ಹಿಂಸೆ. ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಖಾಲಿ ಜೇಬೇ ಝುಂ ಅಂದಂತೆ ಅನಿಸುತ್ತದೆ. 2014ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಟಿಮೊತಿ ವಿಲ್ಸನ್ ತಂಡ ಜನರನ್ನು 15 ನಿಮಿಷ ಒಬ್ಬೊಬ್ಬರನ್ನೇ ಸುಮ್ನೆ ಕೂರಿಸಿ, ಬೇಕಿದ್ದರೆ ಒತ್ತಿ ಅಂತ ಶಾಕ್ ಹೊಡೆಯುವ ಬಟನ್ ಕೊಟ್ಟಿತ್ತು. 18 ಗಂಡಸರಲ್ಲಿ 12 ಮಂದಿ ಒತ್ತಿಕೊಂಡರು. ನಾಲ್ಕನೇ ದಿನ ನನಗೆ ಆ ಬಟನ್ ಸಿಕ್ಕಿದ್ದರೆ ನಾನೂ ಬಿಡುತ್ತಿರಲಿಲ್ಲ.

ಹದಿನೈದು, ಇಪ್ಪತ್ತು ನಿಮಿಷ ದಾಟಿದರೆ ಬೇರೆ ಲೋಕ. ಒಂದಿನ ಎದುರಿನ ಸ್ವಿಚ್ ಬೋರ್ಡಿನಲ್ಲಿ ಮೂರೇ ಸ್ಕ್ರೂ ಕಾಣಿಸಿತು. ನಾಲ್ಕನೆಯದು ಯಾವಾಗ ಬಿತ್ತು? ಎಷ್ಟು ವರ್ಷದಿಂದ ಇಲ್ಲ? ಅಲ್ಲಿಂದ ಮನಸ್ಸು ಎಲ್ಲೆಲ್ಲೋ ಅಲೆದು, ಮೂರು ವಾರದಿಂದ ತಾಳೆಯಾಗದ ಆಫೀಸಿನ ಲೆಕ್ಕಕ್ಕೆ ಬಂದು ನಿಂತಿತು. ಒಂದೇ ಬಿಲ್ಲನ್ನು ಎರಡು ತಿಂಗಳಲ್ಲೂ ಹಾಕಿದ್ದೆವು! ನಾಲ್ಕು ಜನ ಹುಡುಕಿಯೂ ಸಿಗದೇ ಇದ್ದದ್ದು ಗೋಡೆ ನೋಡುತ್ತಾ ಕೂತವನಿಗೆ ಸಿಕ್ಕಿತು. ದಿನಾ ಹೀಗಾಗುವುದಿಲ್ಲ. ಹತ್ತು ದಿನದಲ್ಲಿ ಮೂರು ದಿನ ಏನಾದರೂ ಹೊಳೆದರೆ ಜಾಸ್ತಿ, ಉಳಿದದ್ದು ಬರೀ ಬೋರ್.

ನಡುವೆ ಇನ್ನೊಂದು ಪ್ರಯೋಗ. ಬ್ರಿಟನ್ನಿನ ಮನಃಶಾಸ್ತ್ರಜ್ಞೆ ಸ್ಯಾಂಡಿ ಮ್ಯಾನ್ ಜನರಿಂದ ಟೆಲಿಫೋನ್ ಡೈರೆಕ್ಟರಿಯ ನಂಬರ್ ಬರೆಸಿ, ಆಮೇಲೆ ಅವರಿಗೆ ಹೊಸ ಐಡಿಯಾ ಜಾಸ್ತಿ ಬರುತ್ತದಾ ಅಂತ ನೋಡಿದ್ದರು. ನಾನು ಹಳೆ ಬಿಲ್‌ಗಳ ನಂಬರ್ ಬರೆದೆ. ಕೈ ನೋವು ಬಂತು, ಐಡಿಯಾ ಬರಲಿಲ್ಲ. ಬರೆಯದೆ ಸುಮ್ನೆ ಓದಿದಾಗ ಪರವಾಗಿಲ್ಲ, ಮನಸ್ಸು ಬೇಗ ಜಾರಿತು. ಬೆಳಿಗ್ಗೆ ಕೂತು ನೋಡಿದೆ, ನಿದ್ದೆ ಹೋದೆ.

ಕೋಣೆಯಲ್ಲಿ ಗಡಿಯಾರ ಇಡಬೇಡಿ. ಹಾಗಾದರೆ 40 ನಿಮಿಷ ಆಯಿತು ಅಂತ ನಿನಗೆ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದರೆ, ಅದನ್ನು ಮಾತ್ರ ಹೇಳುವುದಿಲ್ಲ.

ಟೈಮರ್ ಡಬ್ಬಿ ಇನ್ನೂ ಇದೆ, ಮುಚ್ಚಳ ಸ್ವಲ್ಪ ಸೊಟ್ಟ. ಯಾರಿಗಾದರೂ ಬೇಕಿದ್ದರೆ ಪುಕ್ಕಟೆ ಕೊಡುತ್ತೇನೆ.